ಚೀನಾ ದೊಡ್ಡದಾಗಿದೆ, ದೊಡ್ಡಣ್ಣ ಆಗುತ್ತದೆಯೇ?

ವಿಜಯಪುರ ಜಿಲ್ಲೆಯ ಓದುಗರ ಪ್ರಶ್ನೆ: "ನಮ್ಮ ತಿಕೋಟಾ ಕಡೆ ದ್ರಾಕ್ಷಿಗೆ ಡ್ರಿಪ್‌ನಾಗ ಬಿಡೂ ಗೊಬ್ಬರ, ಮೊಬೈಲು, ಸೋಲಾರ್ ಪ್ಲೇಟು ಎಲ್ಲಾ ಚೀನಾದ್ದ ಆಗ್ಯಾವ. ಇನ್ನ ಹತ್ತ-ಹದಿನೈದ ವರ್ಷದಾಗ ಅಮೆರಿಕಾನ ಹಿಂದ ಹಾಕಿ ಚೀನಾನ ಜಗತ್ತಿನ ದೊಡ್ಡಣ್ಣ ಆಗತದೇನ್ರಿ?"

ಉತ್ತರ: ಅಷ್ಟು ಬೇಗ ಆಗುವುದಿಲ್ಲ. ಈಗ ಹಿಡಿದಿರುವ ದಾರಿಯಲ್ಲೇ ನಡೆದರೆ ಮುಂದೆಯೂ ಆಗುವುದು ಕಷ್ಟ. ಆದರೆ ಅಮೆರಿಕದ ಮಾತು ಎಲ್ಲ ಕಡೆ ನಡೆಯದಂತೆ ತಡೆಯುವ ಶಕ್ತಿ ಚೀನಾಕ್ಕೆ ಈಗಾಗಲೇ ಬಂದಿದೆ. ತಡೆಯುವ ಶಕ್ತಿ ಬೇರೆ, ನಡೆಸುವ ಶಕ್ತಿ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಈ ವಿಷಯದಲ್ಲಿ ಹೆಚ್ಚಿನ ಗೊಂದಲ.

ಮೊದಲು ಗಾತ್ರ ನೋಡೋಣ. 2024ರಲ್ಲಿ ಜಗತ್ತು ತಯಾರಿಸಿದ ಸುಮಾರು 188 ಕೋಟಿ ಟನ್ ಉಕ್ಕಿನಲ್ಲಿ 100 ಕೋಟಿ ಟನ್ ಚೀನಾ ಒಂದರದ್ದೇ. ಭಾರತದ್ದು 15 ಕೋಟಿ. ಹಡಗು ಕಟ್ಟುವುದರಲ್ಲೂ ಅರ್ಧಕ್ಕಿಂತ ಹೆಚ್ಚು ಪಾಲು ಅವರದು. ಆಯಾ ದೇಶದ ಬೆಲೆಗಳನ್ನು ಸರಿದೂಗಿಸಿ ಕೊಳ್ಳುವ ಶಕ್ತಿಯ ಲೆಕ್ಕ ಹಾಕಿದರೆ ಚೀನಾ ಅಮೆರಿಕವನ್ನು ದಾಟಿ ಸುಮಾರು ಹತ್ತು ವರ್ಷವಾಯಿತು. ಡಾಲರ್ ಲೆಕ್ಕದಲ್ಲಿ ಮಾತ್ರ ಹಿಂದಿದೆ: 2024ರಲ್ಲಿ ಅಮೆರಿಕದ ಒಟ್ಟು ಉತ್ಪನ್ನ (ಜಿಡಿಪಿ) ಸುಮಾರು 29 ಲಕ್ಷ ಕೋಟಿ ಡಾಲರ್, ಚೀನಾದ್ದು 19 ಲಕ್ಷ ಕೋಟಿಯೊಳಗೆ. 2021ರಲ್ಲಿ ಅಮೆರಿಕದ ಮುಕ್ಕಾಲು ಪಾಲಿನಷ್ಟಿದ್ದದ್ದು ಮೂರೇ ವರ್ಷದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಕೆಳಗಿಳಿಯಿತು. ಹಾಗೆಂದು ಚೀನಾದ ಕಾರ್ಖಾನೆಗಳೇನೂ ನಿಂತಿರಲಿಲ್ಲ. ಕಟ್ಟಡ ವ್ಯವಹಾರ ಕುಸಿದು ಒಳಗಿನ ಬೆಲೆಗಳು ಬಿದ್ದವು, ಚೀನಾದ ಹಣ ಯುವಾನ್ ಸಡಿಲಾಯಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಬೆಲೆ ಏರಿತು, ಡಾಲರ್ ಬಲವಾಯಿತು.

ಗಾತ್ರದ ಮಾತು ಇಷ್ಟು ಸಾಕು. ದೊಡ್ಡಣ್ಣನನ್ನು ಗುರುತಿಸಬೇಕಾದರೆ ವ್ಯಾಪಾರದ ಬಿಲ್ ಯಾರ ಹಣದಲ್ಲಿ ಆಗುತ್ತದೆಂದು ನೋಡಬೇಕು.

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿ ಕೀನ್ಯಾಕ್ಕೆ ಪಂಪಿನ ಕಾಸ್ಟಿಂಗ್ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಕಳಿಸುವವರೂ ತರಿಸುವವರೂ ಅಮೆರಿಕದವರಲ್ಲ, ಆದರೂ ಬಿಲ್ ಡಾಲರ್‌ನಲ್ಲೇ ಆಗುತ್ತದೆ. ನೈರೋಬಿಯ ಬ್ಯಾಂಕು ಹಣ ಕಟ್ಟಿದರೆ ಅದು ಸಾಮಾನ್ಯವಾಗಿ ನ್ಯೂಯಾರ್ಕಿನ ಒಂದು ಬ್ಯಾಂಕಿನ ಖಾತೆಯ ಮೂಲಕ ಹಾದು ಬೆಳಗಾವಿಗೆ ಬಂದು ಆ ದಿನದ ದರದಲ್ಲಿ ರೂಪಾಯಿ ಆಗುತ್ತದೆ. ಹಣ ಬರಲು 90 ದಿನ ಹಿಡಿಯುವಂತಿದ್ದರೆ ಇವತ್ತಿನ ದಿನವೇ ಫಾರ್ವರ್ಡ್ ಬುಕ್ ಮಾಡಿ ದರ ಕಟ್ಟಿಕೊಳ್ಳಬಹುದು. ಕೀನ್ಯಾದ ಶಿಲ್ಲಿಂಗ್‌ನಲ್ಲಿ ಬಿಲ್ ಮಾಡಿದರೆ ಅದನ್ನು ಇಲ್ಲಿ ಕೊಳ್ಳುವವರು ಸಿಗುವುದಿಲ್ಲ. ಯುವಾನ್ ಆದರೆ ಬ್ಯಾಂಕು ತೆಗೆದುಕೊಂಡೀತು. ಆದರೆ ಕೊಳ್ಳುವ-ಮಾರುವ ದರದ ನಡುವಿನ ಅಂತರ ಹೆಚ್ಚು, ಉಳಿದ ಯುವಾನ್ ಇಟ್ಟುಕೊಂಡು ಮಾಡುವುದೂ ಏನಿಲ್ಲ.

ಈ ಕೊನೆಯ ಮಾತಿನಲ್ಲೇ ಗುಟ್ಟಿದೆ. ಕೈಯಲ್ಲಿ ಉಳಿದ ಹಣವನ್ನು ಎಲ್ಲಿಡುವುದು? ಈ ತೊಡಕು ನಮ್ಮ ರೂಪಾಯಿಗೂ ಬಂದಿತ್ತು. 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿಯಲ್ಲೇ ವಿದೇಶಿ ವ್ಯಾಪಾರ ಚುಕ್ತಾ ಮಾಡಲು ದಾರಿ ಮಾಡಿಕೊಟ್ಟಿತು. ರಷ್ಯಾ ನಮಗೆ ಎಣ್ಣೆ ಮಾರಿದ್ದು ರಾಶಿ, ನಮ್ಮಿಂದ ಕೊಂಡದ್ದು ಸ್ವಲ್ಪ. ಕೋಟ್ಯಂತರ ರೂಪಾಯಿ ನಮ್ಮ ಬ್ಯಾಂಕುಗಳಲ್ಲಿ ಬಿದ್ದಿದೆ, ಬಳಸಲಾಗುತ್ತಿಲ್ಲ ಎಂದು 2023ರ ಮೇ ತಿಂಗಳಲ್ಲಿ ರಷ್ಯಾದ ವಿದೇಶಾಂಗ ಸಚಿವರೇ ಬಾಯಿಬಿಟ್ಟು ಹೇಳಿದರು.

ಡಾಲರ್ ಉಳಿದರೆ ಈ ತೊಡಕಿಲ್ಲ. ಮಾರುಕಟ್ಟೆಯಲ್ಲಿ ಕೊಳ್ಳಲು-ಮಾರಲು ಸಿಗುವ ಅಮೆರಿಕ ಸರ್ಕಾರದ ಸಾಲಪತ್ರಗಳೇ 2024ರಲ್ಲಿ ಸುಮಾರು 28 ಲಕ್ಷ ಕೋಟಿ ಡಾಲರ್‌ನಷ್ಟಿದ್ದವು. ಇವತ್ತು ಕೊಂಡು ನಾಳೆ ಮಾರಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಸ್ವತಃ ಚೀನಾವೇ 2024ರ ಕೊನೆಗೆ ಅಂಥ 75 ಸಾವಿರ ಕೋಟಿ ಡಾಲರ್ ಆಸುಪಾಸಿನ ಪತ್ರಗಳನ್ನು ಇಟ್ಟುಕೊಂಡಿತ್ತು. ಜಗತ್ತಿನ ಕೇಂದ್ರ ಬ್ಯಾಂಕುಗಳ ವಿದೇಶಿ ಮೀಸಲಿನಲ್ಲಿ 2024ರ ಕೊನೆಗೆ ಡಾಲರ್ ಪಾಲು ಹತ್ತಿರ ಹತ್ತಿರ 58 ಶೇಕಡಾ ಇತ್ತು, ಯುವಾನ್ ಪಾಲು 2 ಶೇಕಡಾ ಚಿಲ್ಲರೆ.

ಚೀನಾ ತನ್ನ ಹಣವನ್ನೂ ಹೀಗೆ ಮಾಡಿಕೊಳ್ಳಬಾರದೇ? ಮಾಡಬಹುದು, ಅದಕ್ಕೆ ಎರಡು ಕೆಲಸವಾಗಬೇಕು. ಒಂದು, ಹಣ ಒಳಗೆ ಹೊರಗೆ ಓಡಾಡುವ ಗೇಟು ತೆರೆಯಬೇಕು. ಈಗ ಚೀನಾದ ಒಬ್ಬ ನಾಗರಿಕ ವರ್ಷಕ್ಕೆ 50,000 ಡಾಲರ್‌ವರೆಗೆ ಮಾತ್ರ ತನ್ನ ಯುವಾನ್ ಕೊಟ್ಟು ವಿದೇಶಿ ಹಣ ಕೊಳ್ಳಬಹುದು. 2015ರ ಆಗಸ್ಟ್‌ನಲ್ಲಿ ಯುವಾನ್ ಬೆಲೆಯನ್ನು ಒಮ್ಮೆಲೇ ಇಳಿಸಿದಾಗ ಜನರೂ ಕಂಪನಿಗಳೂ ಹಣ ಹೊರಗೆ ಸಾಗಿಸಲು ಮುಗಿಬಿದ್ದರು. 2014ರ ಮಧ್ಯದಲ್ಲಿ 4 ಲಕ್ಷ ಕೋಟಿ ಡಾಲರ್ ಮುಟ್ಟಿದ್ದ ಮೀಸಲು 2017ರ ಆರಂಭಕ್ಕೆ 3 ಲಕ್ಷ ಕೋಟಿಗೆ ಇಳಿಯಿತು. ಗೇಟಿಗೆ ಇನ್ನೊಂದು ಬೀಗ ಬಿತ್ತು. ಎರಡು, ತಾನು ಮಾರುವುದಕ್ಕಿಂತ ಹೆಚ್ಚು ಕೊಳ್ಳಬೇಕು, ಇಲ್ಲವೇ ಯುವಾನ್‌ನಲ್ಲಿ ಧಾರಾಳವಾಗಿ ಸಾಲ ಕೊಡಬೇಕು. ಆಗಲೇ ಪರರ ಕೈಗೆ ಯುವಾನ್ ಸೇರುವುದು. ನಡೆದಿರುವುದು ತದ್ವಿರುದ್ಧ. 2024ರಲ್ಲಿ ಸರಕು ವ್ಯಾಪಾರದಲ್ಲಿ ಚೀನಾ ಸುಮಾರು 1 ಲಕ್ಷ ಕೋಟಿ ಡಾಲರ್ ಮಿಗಿಸಿಕೊಂಡಿತು. ಮನೆಮಂದಿಯ ಖರ್ಚು ಅಲ್ಲಿನ ಉತ್ಪನ್ನದ ಸುಮಾರು 40 ಶೇಕಡಾ ಮಾತ್ರ. ಅಮೆರಿಕದಲ್ಲಿ 68ರ ಹತ್ತಿರ. ಜನರ ಖರ್ಚನ್ನು ಬಿಗಿ ಹಿಡಿದು ಕಾರ್ಖಾನೆ ಬೆಳೆಸಿದ ನೀತಿ ಇದು. ಈ ನೀತಿಯೇ ಚೀನಾವನ್ನು ದೊಡ್ಡದು ಮಾಡಿತು, ಇದೇ ಯುವಾನ್‌ನ ಕಾಲು ಕಟ್ಟಿಹಾಕಿದೆ.

ರಾಜ್ಯ ದೊಡ್ಡದಾದ ಮಾತ್ರಕ್ಕೆ ಅದರ ಹಣ ಹೊರಗೆ ನಡೆಯುವುದಿಲ್ಲ ಎಂಬುದು ವಿಜಯಪುರದವರಿಗೆ ಹೊಸ ಕಥೆಯಲ್ಲ. ಗೋಳಗುಮ್ಮಟ ಎದ್ದ ಕಾಲದ ಆದಿಲ್‌ಶಾಹಿ ಸಣ್ಣ ರಾಜ್ಯವಾಗಿರಲಿಲ್ಲ. ಆದರೂ ಎರಡನೇ ಅಲಿ ಆದಿಲ್‌ಶಾಹ ಕಡಲ ವ್ಯಾಪಾರಕ್ಕೆಂದು ಟಂಕಿಸಿದ್ದು ಲಾರಿ ಎಂಬ ನಾಣ್ಯ: ಮಡಚಿದ ಬೆಳ್ಳಿ ತಂತಿಯ ತುಂಡು, ಪರ್ಶಿಯಾದ ಲಾರ್ ಊರಿನ ಮಾದರಿ. ಕೊಲ್ಲಿಯ ವರ್ತಕರು ನಂಬಿದ್ದ ಆಕಾರ ಅದು.

ನಂಬಿಕೆ ಎಷ್ಟು ನಿಧಾನವಾಗಿ ಕೈ ಬದಲಾಯಿಸುತ್ತದೆ ಎಂಬುದಕ್ಕೆ ಬ್ರಿಟನ್-ಅಮೆರಿಕದ ಲೆಕ್ಕ ನೋಡಿ. 19ನೇ ಶತಮಾನ ಮುಗಿಯುವ ಮುಂಚೆಯೇ ಅಮೆರಿಕದ ಉತ್ಪನ್ನ ಬ್ರಿಟನ್ನನ್ನು ದಾಟಿತ್ತು. ಆದರೆ ಅದಕ್ಕೆ ಸರಿಯಾದ ಕೇಂದ್ರ ಬ್ಯಾಂಕು ಬಂದದ್ದು 1913ರಲ್ಲಿ, ಡಾಲರ್ ನಡುಗಂಬವಾದದ್ದು ಜಗತ್ತಿನ ಹಣದ ವ್ಯವಸ್ಥೆಯನ್ನು ಗೊತ್ತುಮಾಡಿದ 1944ರ ಬ್ರೆಟನ್ ವುಡ್ಸ್ ಒಪ್ಪಂದದಲ್ಲಿ. 1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಗೆ ಸೈನ್ಯ ನುಗ್ಗಿಸಿದ ಬ್ರಿಟನ್, ಪೌಂಡ್ ಕುಸಿಯತೊಡಗಿ ಅಮೆರಿಕ ನೆರವು ತಡೆದಾಗ ಹಿಂದೆ ಸರಿಯಬೇಕಾಯಿತು. ಅಷ್ಟರಲ್ಲಿ ಎರಡು ಮಹಾಯುದ್ಧ ಮುಗಿದಿದ್ದವು. ಇನ್ನು ಜಪಾನ್: ಅದರ ಉತ್ಪನ್ನ 1995ರಲ್ಲಿ ಅಮೆರಿಕದ್ದರ 70 ಶೇಕಡಾ ದಾಟಿತ್ತು, ಈಗ ಏಳರಲ್ಲೊಂದು ಪಾಲು. ಏರುವ ಗೆರೆ ಏರುತ್ತಲೇ ಇರುತ್ತದೆಂದು ಎಳೆಯುವವರು ಎಡವುವುದು ಇಲ್ಲೇ.

ಚೀನಾದ ಗೆರೆಯನ್ನು ಬಗ್ಗಿಸುತ್ತಿರುವುದು ತೊಟ್ಟಿಲು. 2016ರಲ್ಲಿ ಸುಮಾರು 1.8 ಕೋಟಿ ಮಕ್ಕಳು ಹುಟ್ಟಿದ್ದ ದೇಶದಲ್ಲಿ 2023ರಲ್ಲಿ ಹುಟ್ಟಿದ್ದು 90 ಲಕ್ಷ. 2022ರಿಂದ ಒಟ್ಟು ಜನಸಂಖ್ಯೆಯೇ ಇಳಿಯುತ್ತಿದೆ. ಇವತ್ತು ಮಕ್ಕಳ ಸಂಖ್ಯೆ ಏರಿದರೂ ಅವರು ಕೆಲಸದ ವಯಸ್ಸಿಗೆ ಬರುವುದು 2045ರ ಹೊತ್ತಿಗೆ.

ಕಡಲಲ್ಲಿ ಚೀನಾದ ಯುದ್ಧನೌಕೆಗಳ ಎಣಿಕೆ ಅಮೆರಿಕಕ್ಕಿಂತ ಹೆಚ್ಚು. ವಿಮಾನವಾಹಕಗಳು ಮಾತ್ರ 3, ಅಮೆರಿಕದವು 11. ಅದಕ್ಕಿಂತ ಮುಖ್ಯ ಜೊತೆಗಾರರು. ನೇಟೋ ಒಂದರಲ್ಲೇ 32 ದೇಶಗಳಿವೆ, ಅದರಾಚೆ ಜಪಾನ್, ದಕ್ಷಿಣ ಕೊರಿಯಾ, ಫಿಲಿಪೈನ್ಸ್, ಆಸ್ಟ್ರೇಲಿಯಾ. ಚೀನಾ ರಕ್ಷಣಾ ಒಪ್ಪಂದ ಮಾಡಿಕೊಂಡಿರುವುದು ಉತ್ತರ ಕೊರಿಯಾ ಒಂದರ ಜೊತೆ, ಅದೂ 1961ರಲ್ಲಿ. ನೆಲದ ಗಡಿ 14 ದೇಶಗಳೊಂದಿಗಿದೆ, ಅದರಲ್ಲಿ ನಾವೂ ಒಬ್ಬರು. ಅಮೆರಿಕಕ್ಕೆ ಗಡಿ ಹಂಚಿಕೊಂಡವರು ಇಬ್ಬರೇ, ಎರಡೂ ಪಕ್ಕ ಮಹಾಸಾಗರ.

ಹಾಗಾದರೆ ಡಾಲರ್‌ಗೆ ಭಯವೇ ಇಲ್ಲವೇ? ಇದೆ. 2022ರಲ್ಲಿ ರಷ್ಯಾದ ಸುಮಾರು 30 ಸಾವಿರ ಕೋಟಿ ಡಾಲರ್ ಮೀಸಲನ್ನು ಪಶ್ಚಿಮದ ದೇಶಗಳು ಸ್ತಂಭನಗೊಳಿಸಿದ ಮೇಲೆ ಅನೇಕ ಕೇಂದ್ರ ಬ್ಯಾಂಕುಗಳು ಹೆದರಿದವು. 2022, 2023, 2024 ಮೂರೂ ವರ್ಷ ತಲಾ 1000 ಟನ್‌ಗೂ ಹೆಚ್ಚು ಬಂಗಾರ ಕೊಂಡವು. ಗಮನಿಸಿ, ಓಡಿದ್ದು ಬಂಗಾರದ ಕಡೆಗೆ. ಯುವಾನ್‌ನ ಪಾಲು ಏರಲಿಲ್ಲ. ಡಾಲರ್ ಸೊರಗಿದರೂ ಆ ಪೀಠ ಚೀನಾಕ್ಕೇ ಸಿಗುತ್ತದೆ ಎನ್ನಲಾಗದು. ಯಾರೂ ದೊಡ್ಡಣ್ಣನಿಲ್ಲದ ಜಗತ್ತು ಬರುವ ಸಾಧ್ಯತೆಯೇ ಹೆಚ್ಚು ಎಂಬುದು ನಮ್ಮ ಅಂದಾಜು.

ಆ ಜಗತ್ತಿನಲ್ಲಿ ಚೀನಾದ ಆಯುಧ ಎಂಥದೆಂದು ತಿಕೋಟಾ ಕಡೆಯವರಿಗೆ ಈಗಾಗಲೇ ಗೊತ್ತಿದೆ. 2025ರಲ್ಲಿ ಅಪರೂಪದ ಲೋಹಗಳ ಮ್ಯಾಗ್ನೆಟ್ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ವಾಹನ ಕಾರ್ಖಾನೆಗಳು ತತ್ತರಿಸಿದವು. ಅದೇ ವರ್ಷ ನೀರಿನಲ್ಲಿ ಕರಗುವ ಗೊಬ್ಬರಗಳ ಭಾರತದ ಪಾಲಿನ ಸರಕನ್ನು ಕೆಲಕಾಲ ತಡೆಹಿಡಿದರು. ನಮ್ಮ ಪೂರೈಕೆಯ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. 0:52:34, 12:61:0 ಎಂಬ ಇಂಥ ಗೊಬ್ಬರಗಳನ್ನು ಇಲ್ಲೇ ತಯಾರಿಸೋಣವೆಂದರೆ ರಂಜಕದ ಕಲ್ಲನ್ನು ಮೊರಾಕ್ಕೊ, ಜೋರ್ಡಾನ್‌ಗಳಿಂದ, ಪೊಟ್ಯಾಷ್ ಅನ್ನು ಕೆನಡಾ, ರಷ್ಯಾಗಳಿಂದ ತರಿಸಬೇಕು. ಇದಕ್ಕೆ ಪರಿಹಾರ ವರ್ಷಗಳ ಕೆಲಸ. ಅಲ್ಲಿಯವರೆಗೆ ಅಕ್ಟೋಬರ್ ಚಾಟ್ನಿಗೆ (ದ್ರಾಕ್ಷಿ ಬಳ್ಳಿ ಸವರುವ ಕೆಲಸಕ್ಕೆ) ಬೇಕಾದ ಗೊಬ್ಬರವನ್ನು ಆಗಸ್ಟ್ ಒಳಗೇ ತಂದಿಟ್ಟುಕೊಳ್ಳಿ, ಚೀಲದ ಮೇಲೆ ಯಾವ ದೇಶದ್ದೆಂದು ಬರೆದಿರುವುದನ್ನು ಓದಿ, ಬಿಲ್ ಇಲ್ಲದೆ ಕೊಳ್ಳಬೇಡಿ. ಕೊರತೆ ಬಿದ್ದಾಗಲೇ ನಕಲಿ ಪಾಕೀಟು ಅಂಗಡಿಗೆ ಬರುತ್ತವೆ.