ಚೆನ್ ನಿಯನ್ ಮೊದಲೇ ದೂರು ಕೊಡಬಹುದಿತ್ತಲ್ಲವೇ?

ಓದುಗರ ಪ್ರಶ್ನೆ: ಚೀನಾದ ‘ಬೆಟರ್ ಡೇಸ್’ ಚಿತ್ರದ ನಾಯಕಿ ಸಹಪಾಠಿಗಳಿಂದ ಅಷ್ಟು ಹಿಂಸೆ ಅನುಭವಿಸಿಯೂ ದೂರು ಕೊಡದೆ, ಬೇರೆ ಶಾಲೆಗೂ ಹೋಗದೆ ಸಹಿಸಿಕೊಂಡದ್ದು ಏಕೆ?

ಉತ್ತರ: ಅವಳು ದೂರು ಕೊಡಲೇ ಇಲ್ಲ ಎನ್ನುವುದು ಸರಿಯಲ್ಲ. ಮೊದಲು ಬಾಯಿ ಬಿಡದ ಚೆನ್ ನಿಯನ್ ಆಮೇಲೆ ಪೊಲೀಸರಿಗೆ ಹೇಳುತ್ತಾಳೆ. ಪೀಡಿಸಿದ ಹುಡುಗಿಯರು ಶಾಲೆಯಿಂದ ಅಮಾನತಾಗುತ್ತಾರೆ. ಆದರೆ ಅಮಾನತಾದವರಿಗೆ ಹಗಲೆಲ್ಲ ಬಿಡುವು ಸಿಕ್ಕಿತೇ ಹೊರತು ಇವಳಿಗೆ ರಕ್ಷಣೆ ಸಿಗಲಿಲ್ಲ. ಅವರು ಶಾಲೆಯ ಹೊರಗೆ ಕಾದಿದ್ದು ಬೆನ್ನಟ್ಟುತ್ತಾರೆ. ಬೀದಿಯಲ್ಲಿ ಬೆಳೆದ ಷಿಯಾವೊ ಬೇ ಎಂಬ ಹುಡುಗನ ಕಾವಲನ್ನು ಅವಳು ಕೇಳಿಕೊಳ್ಳುವುದು ಅದಾದ ಮೇಲೆಯೇ.

ಮೊದಲಿನ ಮೌನಕ್ಕೆ ಕಾರಣ ಹೇಡಿತನವಲ್ಲ, ಲೆಕ್ಕಾಚಾರ ಎಂಬುದು ನನ್ನ ಅಭಿಪ್ರಾಯ. ಡೆರೆಕ್ ತ್ಸಾಂಗ್ ನಿರ್ದೇಶಿಸಿ 2019ರಲ್ಲಿ ತೆರೆಕಂಡ ಈ ಚಿತ್ರದ ಕಥೆ ಹೆಚ್ಚಾಗಿ ನಡೆಯುವುದು 2011ರಲ್ಲಿ, ‘ಗಾವ್‌ಕಾವ್’ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಗೆ ಮುಂಚಿನ ದಿನಗಳಲ್ಲಿ. ವರ್ಷಕ್ಕೊಮ್ಮೆ ಜೂನ್ 7ರಂದು ಆರಂಭವಾಗುವ ಈ ಪರೀಕ್ಷೆಯಲ್ಲಿ ಹೆಚ್ಚಿನ ಪ್ರಾಂತ್ಯಗಳಲ್ಲಿ 750 ಅಂಕಗಳಿಗೆ ಎಷ್ಟು ಬಂತು ಎಂಬುದರ ಮೇಲೆಯೇ ಯಾವ ಊರು, ಯಾವ ಕಾಲೇಜು ಎನ್ನುವುದು ಬಹುಪಾಲು ನಿಂತಿರುತ್ತದೆ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಸಾಲ ಕೊಟ್ಟವರಿಗೆ ಹೆದರಿ ಮನೆಯಿಂದ ದೂರವಿರುವ ತಾಯಿಯ ಮಗಳಿಗೆ ಆ ಊರಿನಿಂದ ಹೊರಬೀಳಲು ಇದೊಂದೇ ದಾರಿ. ಹೇಳಿಕೆ, ವಿಚಾರಣೆ ಎಂದು ಓಡಾಡುವುದಕ್ಕಿಂತ ಕೆಲವು ವಾರ ಹಲ್ಲು ಕಚ್ಚಿ ಸಹಿಸುವುದೇ ಮೇಲು ಎಂದು ಅವಳಿಗೆ ತೋರಿದರೆ ಆಶ್ಚರ್ಯವಿಲ್ಲ.

ಬೇರೆ ಊರಿನ ಶಾಲೆಗೆ ಸೇರುವ ಮಾತಂತೂ ಸುಲಭವಲ್ಲ. ಆಗಿನ ನಿಯಮದಂತೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ತಮ್ಮ ಕುಟುಂಬದ ‘ಹುಕೋ’ ಎಂಬ ಸರ್ಕಾರಿ ವಾಸಸ್ಥಳ ನೋಂದಣಿ ಇರುವಲ್ಲಿಯೇ ಪರೀಕ್ಷೆ ಬರೆಯಬೇಕಿತ್ತು.

ಚಿತ್ರದ ಆರಂಭದಲ್ಲೇ ಇನ್ನೊಂದು ಸುಳಿವಿದೆ. ಕಿರುಕುಳ ತಾಳಲಾರದೆ ಹು ಷಿಯಾವೊಡಿಯೆ ಎಂಬ ವಿದ್ಯಾರ್ಥಿನಿ ಕಟ್ಟಡದಿಂದ ಹಾರಿ ಸತ್ತಾಗ ಸುತ್ತ ನೆರೆದವರು ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತಾರೆ. ಚೆನ್ ನಿಯನ್ ಒಬ್ಬಳೇ ಮುಂದೆ ಹೋಗಿ ತನ್ನ ಸಮವಸ್ತ್ರದ ಜಾಕೆಟ್ ಬಿಚ್ಚಿ ಶವಕ್ಕೆ ಹೊದಿಸುತ್ತಾಳೆ. ಅಲ್ಲಿಂದಲೇ ಪೀಡಕರ ಕಣ್ಣು ಅವಳ ಮೇಲೆ ಬೀಳುತ್ತದೆ. ಗುಂಪಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಏನಾಗುತ್ತದೆಂದು ಕಂಡವಳು ಎರಡನೆಯ ಹೆಜ್ಜೆಗೆ ಹಿಂಜರಿದರೆ ಅವಳನ್ನು ದೂರುವುದು ಹೇಗೆ? ಪೀಡಿಸುವ ವೇ ಲಾಯ್ ಕೂಡ ಇದೇ ಪರೀಕ್ಷೆಗೆ ಹೆದರಿದವಳು: ಹಿಂದಿನ ಸಲ ಸೋತದ್ದಕ್ಕೆ ತಂದೆ ಅವಳೊಡನೆ ಮಾತೇ ಬಿಟ್ಟಿರುತ್ತಾರೆ. ಇದು ಅವಳ ಕ್ರೌರ್ಯಕ್ಕೆ ಸಮರ್ಥನೆಯಲ್ಲ. ಚಿತ್ರವೂ ಹಾಗೆ ಹೇಳುವುದಿಲ್ಲ. (ನೋಡದವರಿಗಾಗಿ ಮುಂದಿನ ಕಥೆಯನ್ನು ಇಲ್ಲಿಗೇ ಬಿಡುತ್ತೇನೆ.)

ಜೂನ್ 2019ರ ಬಿಡುಗಡೆ ರದ್ದಾಗಿ ಅಕ್ಟೋಬರ್ 25ರಂದು ತೆರೆಕಂಡ ಚಿತ್ರ, ಸರ್ಕಾರ ಕೈಗೊಂಡ ಕ್ರಮಗಳನ್ನು ಪಟ್ಟಿ ಮಾಡಿ ಮುಗಿಯುತ್ತದೆ. ಅಲ್ಲಿಯವರೆಗಿನ ಕಥೆಯ ಧಾಟಿಗೆ ಅದು ಹೊಂದುವುದಿಲ್ಲ. ಆದರೆ 2021ರ ಜೂನ್ 1ರಂದು ಜಾರಿಗೆ ಬಂದ ಪರಿಷ್ಕೃತ ಅಪ್ರಾಪ್ತರ ರಕ್ಷಣಾ ಕಾನೂನು, ಗಂಭೀರ ಪೀಡನೆಯನ್ನು ಶಾಲೆ ಮುಚ್ಚಿಡದೆ ಪೊಲೀಸರಿಗೂ ಶಿಕ್ಷಣ ಇಲಾಖೆಗೂ ತಿಳಿಸಬೇಕೆಂದು ವಿಧಿಸಿತು. ಅಂದರೆ ನೀವು ಚೆನ್ ನಿಯನ್‌ಳಿಂದ ನಿರೀಕ್ಷಿಸಿದ ಕೆಲಸವನ್ನು ಅದು ಶಾಲೆಗೆ ವಹಿಸಿದೆ.