916, 999 ಮತ್ತು ಮುಗಿಯದ ಒಂಬತ್ತುಗಳು

ಲಿಂಗಸುಗೂರಿನ ಪತ್ತಾರರ ಅಂಗಡಿಯಲ್ಲಿ ಅಕ್ಕ ಬಳೆ ನೋಡುತ್ತಿದ್ದಳು. ಒಂಬತ್ತನೇ ಕ್ಲಾಸಿನ ಅಳಿಯನಿಗೆ ಬೇಜಾರು. ಬಳೆಯ ಒಳಮೈ ಮೇಲಿನ 916 ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಕೂತಿದ್ದ. "22 ಕ್ಯಾರೆಟ್ ಅಂದ್ರ 24ರಾಗ 22 ಪಾಲು ಬಂಗಾರ" ಅಂದರು ಪತ್ತಾರರು. ಇವನು ಮೊಬೈಲಿನಲ್ಲಿ ಭಾಗಿಸಿ ನೋಡಿದ. 0.916666... ಆರುಗಳು ಮುಗಿಯುವುದೇ ಇಲ್ಲ. ಮುದ್ರೆಯಲ್ಲಿ ಮೂರೇ ಅಂಕಿ. ಉಳಿದ ಆರುಗಳಿಗೆ ಕತ್ತರಿ.

ಪಕ್ಕದ ಬಂಗಾರದ ನಾಣ್ಯದ ಮೇಲೆ 999 ಅಂತಿತ್ತು. ಅಂದರೆ ಸಾವಿರದಲ್ಲಿ 999 ಪಾಲು. ಹಟ್ಟಿ ಬಂಗಾರದ ಗಣಿಯ ತಾಲ್ಲೂಕಿನವರಿಗೆ ಈ ಅಂಕಿ ಹೊಸದೇನಲ್ಲ. ಅಳಿಯನಿಗೆ ಮಾತ್ರ ಅದನ್ನು ನೋಡಿ ಬೇರೆ ಏನೋ ನೆನಪಾಯಿತು. "ಮಾಮಾ, 0.999... ಒಂದಕ್ಕ ಸಮ ಅಂತಾರಲ್ಲ, ಅದು ಹೆಂಗ? ಒಂಚೂರರ ಕಡಿಮಿ ಇರ್ಬೇಕಲ್ಲ?"

ಎನ್‌ಸಿಇಆರ್‌ಟಿ ಒಂಬತ್ತನೇ ತರಗತಿ ಗಣಿತದಲ್ಲಿ ವರ್ಷಗಟ್ಟಲೆ ಇದ್ದ ಲೆಕ್ಕ ಅದು. 0.99999... ಅನ್ನು ಭಿನ್ನರಾಶಿ ಮಾಡಿ ಅಂತ ಹೇಳಿ, ಉತ್ತರ ನೋಡಿ ಆಶ್ಚರ್ಯ ಆಯಿತಾ ಅಂತ ಪುಸ್ತಕವೇ ಕೇಳುತ್ತಿತ್ತು. ದಾರಿ ಸುಲಭ. x = 0.999... ಆದರೆ 10x = 9.999... ಕಳೆದರೆ 9x = 9. ಹಾಗಾಗಿ x = 1.

ಅಳಿಯ ಒಪ್ಪಲಿಲ್ಲ. ನನಗೂ ಅವನ ತಕರಾರು ಸರಿ ಅನಿಸಿತು. ಮುಗಿಯದ ಸಾಲನ್ನು ಸುಮ್ನೆ ಹತ್ತರಿಂದ ಗುಣಿಸಿಬಿಡಬಹುದಾ? ಕೊನೆಯ ಆ ಮೂರು ಚುಕ್ಕಿಗಳ ಅರ್ಥ ಏನು ಅಂತ ಹೇಳದೆ ಲೆಕ್ಕ ಮುಂದೆ ಓಡಿಬಿಟ್ಟಿದೆ. ನಿಜ ಹೇಳಬೇಕೆಂದರೆ ಗಣಿತದವರೂ ಬಹಳ ಕಾಲ ಹಾಗೇ ಓಡಿದ್ದರು.

ಹಾಗೆ ಓಡದೆ ನಿಂತು ಯೋಚಿಸಿದವರಲ್ಲಿ ನನಗೆ ತುಂಬಾ ಇಷ್ಟ ಕೇರಳದ ಗಣಿತಜ್ಞ ನೀಲಕಂಠ ಸೋಮಯಾಜಿ. ಹುಟ್ಟಿದ್ದು 1444ರಲ್ಲಿ. ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ 1/4 + 1/16 + 1/64 ಹೀಗೆ ಕೂಡುತ್ತಾ ಹೋದರೆ 1/3 ಬರುತ್ತದೆ ಅನ್ನುತ್ತಾರೆ. ನಮ್ಮ ಜೋಳದ ರೊಟ್ಟಿಯಲ್ಲೇ ನೋಡೋಣ. ಒಂದು ರೊಟ್ಟಿ, ಮೂರು ಮಕ್ಕಳು. ನಾಲ್ಕು ತುಂಡು ಮಾಡಿ ಒಂದೊಂದು ಕೊಡಿ. ಉಳಿದ ತುಂಡನ್ನು ಮತ್ತೆ ನಾಲ್ಕು ಮಾಡಿ ಒಂದೊಂದು ಕೊಡಿ. ಹೀಗೇ ಹಂಚುತ್ತಾ ಹೋದರೆ ಮೂವರಿಗೂ ಸಮಪಾಲು. ಆದರೆ ನೀಲಕಂಠರು ಅಲ್ಲಿಗೆ ಬಿಡಲಿಲ್ಲ. ಮೊತ್ತ ಅಷ್ಟರವರೆಗೆ ಮಾತ್ರ ಬೆಳೆಯುತ್ತದೆ, ಅಷ್ಟನ್ನು ಮುಟ್ಟಿಯೇ ಮುಟ್ಟುತ್ತದೆ ಅಂತ ಹೇಗೆ ಗೊತ್ತು ಅಂತ ತಾವೇ ಕೇಳಿಕೊಂಡರು. ಪ್ರತಿ ಸಲ ಎಷ್ಟು ಕೊರತೆ ಉಳಿಯಿತು ಅಂತ ಲೆಕ್ಕ ಹಾಕಿದರು. ಮೊದಲು 1/12, ಆಮೇಲೆ 1/48, ಆಮೇಲೆ 1/192. ಅಳಿಯ ಕೇಳಿದ "ಒಂಚೂರು" ಇದೇ ಅಲ್ವಾ?

ಯುರೋಪಿನಲ್ಲಿ ದಶಮಾಂಶ ಬಳಕೆಗೆ ಬಂದದ್ದು ಸೈಮನ್ ಸ್ಟೆವಿನ್ 1585ರಲ್ಲಿ ತಂದ ಚಿಕ್ಕ ಪುಸ್ತಕದಿಂದ. 1770ರ ತಮ್ಮ ಬೀಜಗಣಿತ ಪುಸ್ತಕದಲ್ಲಿ ಗಣಿತಜ್ಞ ಆಯ್ಲರ್ 9.999... ಅಂದರೆ 10 ಅಂತ ತೋರಿಸಿದರು. ಆದರೆ "ತೀರಾ ಚಿಕ್ಕದು" ಅನ್ನುವ ಮಾತಿನ ಮೇಲೆ ಆಗಲೇ ಜಗಳ ಎದ್ದಿತ್ತು. ಕಲನಶಾಸ್ತ್ರದವರು (ಕ್ಯಾಲ್ಕುಲಸ್‌ನವರು) ಲೆಕ್ಕದಲ್ಲಿ ಬಳಸುವ ಆ ಚಿಕ್ಕ ಚಿಕ್ಕ ಪ್ರಮಾಣಗಳು ಸತ್ತುಹೋದ ಪ್ರಮಾಣಗಳ ದೆವ್ವಗಳಾ ಅಂತ ಬಿಷಪ್ ಬರ್ಕ್ಲಿ 1734ರಲ್ಲೇ ಗೇಲಿ ಮಾಡಿದ್ದರು. ಗೇಲಿ ನಾಟಿತು. ಉತ್ತರ ಸಿಗಲು ಇನ್ನೂ ನೂರು ವರ್ಷದ ಹತ್ತಿರ ಬೇಕಾಯಿತು.

1821ರಲ್ಲಿ ಫ್ರಾನ್ಸಿನ ಗಣಿತಜ್ಞ ಕೋಶಿ "ಮಿತಿ" ಅನ್ನುವ ಕಲ್ಪನೆಯನ್ನೇ ಕಲನದ ಬುಡಕ್ಕೆ ಇಟ್ಟರು. 1872ರಲ್ಲಿ ಗಣಿತಜ್ಞರಾದ ಡೆಡೆಕಿಂಡ್ ಮತ್ತು ಕ್ಯಾಂಟರ್ ವಾಸ್ತವ ಸಂಖ್ಯೆ ಅಂದರೆ ಏನು ಅಂತ ಬಿಡಿಸಿ ಹೇಳಿದರು. ಅಲ್ಲಿಗೆ ಚುಕ್ಕಿಗಳಿಗೆ ಅರ್ಥ ಬಂತು. 0.9, 0.99, 0.999 ಒಂದೊಂದೂ ಒಂದಕ್ಕಿಂತ ಕಡಿಮೆಯೇ. ನಾಣ್ಯದ 999 ಕೂಡ ಅಷ್ಟೇ, ಯಾಕೆಂದರೆ ಅದು ಎಲ್ಲೋ ನಿಲ್ಲುತ್ತದೆ. 0.999... ಅನ್ನುವುದು ಆ ಸಾಲಿನಲ್ಲಿ ಬರುವ ಯಾವ ಸಂಖ್ಯೆಯೂ ಅಲ್ಲ. ಆ ಸಾಲು ಎಲ್ಲಿಗೆ ಹತ್ತಿರವಾಗುತ್ತಾ ಹೋಗುತ್ತದೋ ಆ ಸಂಖ್ಯೆಯ, ಅಂದರೆ ಅದರ ಮಿತಿಯ, ಹೆಸರು. ಒಂಬತ್ತುಗಳು ಓಡುತ್ತಿಲ್ಲ. ಓಡುತ್ತಿರುವುದು ನಮ್ಮ ಕಣ್ಣು.

"ಇಲ್ಲ, ಕಡಿಮಿನೇ" ಅನ್ನುವವನಿಗೆ ನಾನು ಕೇಳುವುದು ಒಂದೇ: ಎಷ್ಟು ಕಡಿಮೆ? ಹೇಳಿದ ಕೊರತೆ ಎಷ್ಟೇ ಚಿಕ್ಕದಿರಲಿ, ಒಂದಷ್ಟು ಒಂಬತ್ತು ಬರೆದರೆ ಅದಕ್ಕಿಂತ ಹತ್ತಿರ ಹೋಗುತ್ತೇವೆ. 1960ರ ದಶಕದಲ್ಲಿ ಗಣಿತಜ್ಞ ಅಬ್ರಹಾಂ ರಾಬಿನ್ಸನ್ ಬರ್ಕ್ಲಿಯ ದೆವ್ವಗಳಿಗೂ ಮನೆ ಕಟ್ಟಿಕೊಟ್ಟರು. ಸೊನ್ನೆಯಲ್ಲದ, ಆದರೂ ಯಾವ ಭಿನ್ನರಾಶಿಗಿಂತಲೂ ಚಿಕ್ಕದಾದ ಸಂಖ್ಯೆಗಳು ಅವರ ಸಂಖ್ಯಾ ವ್ಯವಸ್ಥೆಯಲ್ಲಿವೆ. ಅಲ್ಲೂ ನಿಲ್ಲದ ಒಂಬತ್ತುಗಳು ಒಂದೇ ಆಗುತ್ತವೆ. ಅನಂತ ದೂರದ ಯಾವುದೋ ದಶಮಾಂಶ ಸ್ಥಾನದಲ್ಲಿ ಒಂಬತ್ತುಗಳು ನಿಂತುಬಿಟ್ಟರೆ ಮಾತ್ರ ಕೊರತೆ.

ಅಳಿಯನಂಥವರು ಒಬ್ಬಿಬ್ಬರಲ್ಲ. ಇಂಗ್ಲೆಂಡಿನಲ್ಲಿ ಕಾಲೇಜಿನ ಗಣಿತ ವಿದ್ಯಾರ್ಥಿಗಳನ್ನು ಇದೇ ಪ್ರಶ್ನೆ ಕೇಳಿದಾಗ ಜಾಸ್ತಿ ಜನ "ಒಂದಕ್ಕಿಂತ ಕಡಿಮೆ" ಅಂದಿದ್ದರು. ಡೇವಿಡ್ ಟಾಲ್ ಮತ್ತು ಶ್ವಾರ್ಜೆನ್‌ಬರ್ಗರ್ 1978ರಲ್ಲಿ ಅದನ್ನು ಬರೆದಿದ್ದಾರೆ.

ಬಳೆ ಪ್ಯಾಕ್ ಆಗುವ ಹೊತ್ತಿಗೆ ಅಳಿಯ ಬಿಲ್ಲಿನ ಹಿಂದೆ 0.4999... ಅಂತ ಬರೆದಿದ್ದ. ಅದೂ 0.5 ತಾನೇ ಅಂದ. ಹೌದಪ್ಪ ಅಂದೆ.

"ಹಂಗಾದ್ರ ಇದನ್ನ ರೌಂಡ್ ಮಾಡಿದ್ರ ಸೊನ್ನಿನೋ, ಒಂದೋ?"