ಬಣ್ಣ ಬಳಿದ ಮೇಲೆ ಕಾಣದ್ದು

ಕೊಡಗಿನ ಗುಡ್ಡಗಳಲ್ಲಿ ಮನೆ ಕಟ್ಟುವ ಕೆಲಸ ಶುರುವಾಗುವುದೇ ಗುಡ್ಡ ಕಡಿಯುವುದರಿಂದ. ಜೆಸಿಬಿ ಇಳಿಜಾರನ್ನು ಅಗೆದು ಸಮತಟ್ಟು ಮಾಡುತ್ತದೆ. ಹಿಂದೆ ನೆಟ್ಟಗಿನ ಬರೆ, ಅಂದರೆ ಕಡಿದ ಗುಡ್ಡದ ಮೈ, ಉಳಿಯುತ್ತದೆ, ಮುಂದೆ ಅದೇ ಮಣ್ಣು ಸುರಿದ ಭರ್ತಿ ನೆಲ. ಮನೆಯ ಅರ್ಧ ಪಾಯ ಗಟ್ಟಿ ನೆಲದ ಮೇಲೆ, ಇನ್ನರ್ಧ ಭರ್ತಿಯ ಮೇಲೆ. ಸರಿಯಾಗಿ ದಮ್ಮಸ್ಸು ಮಾಡದ ಭರ್ತಿ ಮಣ್ಣು ವರ್ಷಗಟ್ಟಲೆ ಕುಗ್ಗುತ್ತಿರುತ್ತದೆ. ಆಮೇಲೆ ಗೋಡೆಯಲ್ಲಿ ಓರೆ ಬಿರುಕು ಕಂಡಾಗ ನಾವು ಬಯ್ಯುವುದು ಸಿಮೆಂಟನ್ನು.

ಕಟ್ಟಡ ತಪಾಸಣೆ ಎಂದರೆ ಪ್ಲಾನ್, ಲೈಸೆನ್ಸ್, ಸುತ್ತ ಬಿಟ್ಟ ಜಾಗದ ಅಳತೆ ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ. ಅವೂ ಬೇಕು. ಆದರೆ ಮನೆಯ ಆಯುಸ್ಸನ್ನು ತೀರ್ಮಾನಿಸುವುದೆಲ್ಲ ಮುಚ್ಚಿಹೋಗುವ ಜಾಗದಲ್ಲಿರುತ್ತದೆ: ಪಾಯದ ತಳದ ಮಣ್ಣು, ಕಾಂಕ್ರೀಟಿನೊಳಗಿನ ಕಂಬಿ, ತಡೆಗೋಡೆಯ ಬೆನ್ನಿನ ಜಲ್ಲಿ. ಅವು ಮುಚ್ಚುವ ಮುನ್ನ ಎಂಜಿನಿಯರ್ ಬಂದು ನೋಡಬೇಕು. ಗೃಹಪ್ರವೇಶದ ಹೊತ್ತಿಗೆ ಬಂದವರಿಗೆ ಕಾಣುವುದು ಬಣ್ಣ ಮಾತ್ರ.

ಭಾರತೀಯ ಮಾನಕ ಸಂಸ್ಥೆ (ಈಗಿನ ಭಾರತೀಯ ಮಾನಕ ಬ್ಯೂರೋ) ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಮೊದಲು ತಂದದ್ದು 1970ರಲ್ಲಿ. 2016ರಲ್ಲಿ ಅದು ಪರಿಷ್ಕೃತವಾಯಿತು. ಅದು ಮಾದರಿ ಸಂಹಿತೆ. ರಾಜ್ಯದ, ಸ್ಥಳೀಯ ಸಂಸ್ಥೆಯ ನಿಯಮಗಳೊಳಗೆ ಸೇರಿದಾಗಲೇ ಅದಕ್ಕೆ ಕಾನೂನಿನ ಬಲ. ಕಾಂಕ್ರೀಟಿಗೆ ಬೇರೆಯೇ ಮಾನಕವಿದೆ, ಐಎಸ್ 456. ಕಂಬಿಗೆ ತುಕ್ಕು ಹಿಡಿಯದಂತೆ ಕಂಬದಲ್ಲಿ ಸಾಮಾನ್ಯವಾಗಿ 40 ಮಿ.ಮೀ., ಪಾಯದಲ್ಲಿ 50 ಮಿ.ಮೀ. ಕಾಂಕ್ರೀಟ್ ಹೊದಿಕೆ ಇರಬೇಕೆನ್ನುತ್ತದೆ ಅದು. ಕಂಬಿಗೂ ಹಲಗೆಗೂ ನಡುವೆ ಅಷ್ಟು ಅಂತರ ಉಳಿಸುವ ಕವರ್ ಬ್ಲಾಕ್ ಇಟ್ಟಿದ್ದಾರೋ ಇಲ್ಲವೋ ಎಂದು ಸೆಂಟರಿಂಗ್ ಹಲಗೆ ಮುಚ್ಚುವ ಮೊದಲು ಟೇಪು ಹಿಡಿದು ಯಾರು ಬೇಕಾದರೂ ನೋಡಬಹುದು.

ಕೊಡಗಿನ ಮಟ್ಟಿಗೆ ಇದಕ್ಕಿಂತ ದೊಡ್ಡದು ನೀರಿನ ಲೆಕ್ಕ. ಮೂರು ಮೀಟರ್ ಎತ್ತರದ ತಡೆಗೋಡೆ ಇದೆ ಎನ್ನಿ. ಹಿಂದಿನ ಮಣ್ಣು ಒಣಗಿದ್ದಾಗ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಬೀಳುವ ಒತ್ತಡ ಸಾಧಾರಣ ಮಣ್ಣಿಗೆ ಸುಮಾರು 2.7 ಟನ್. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ನಿಂತರೆ ನೀರೊಂದೇ 4.5 ಟನ್ ದೂಡುತ್ತದೆ. ಮಣ್ಣಿನದೂ ಸೇರಿ ಒಟ್ಟು ಸುಮಾರು 6 ಟನ್. ಗೋಡೆ ಬದಲಾಗಿಲ್ಲ, ಹೊರೆ ಎರಡು ಪಟ್ಟು ದಾಟಿತು. ಬೇಸಿಗೆಯಲ್ಲಿ ಭದ್ರವಾಗಿ ಕಂಡ ಗೋಡೆ ಕಕ್ಕಡದ (ಆಟಿ ತಿಂಗಳ) ಮಳೆಗೆ ಹೊಟ್ಟೆ ಉಬ್ಬಿಸಿಕೊಂಡು ವಾಲುವುದು ಹೀಗೆ.

ಆದ್ದರಿಂದಲೇ ಗೋಡೆಯಲ್ಲಿ ನೀರು ಇಳಿಯುವ ಪೈಪುಗಳು ಬೇಕು. ಬರೀ ಪೈಪು ಸಾಲದು. ಹಿಂದೆ ಜಲ್ಲಿಯ ಪದರವಿಲ್ಲದಿದ್ದರೆ ಜೇಡಿ ಮಣ್ಣು ಬಂದು ಬಾಯಿ ಕಟ್ಟುತ್ತದೆ. ಜೋರು ಮಳೆಯಲ್ಲಿ ಒಮ್ಮೆ ಗೋಡೆಯ ಮುಂದೆ ನಿಂತು ನೋಡಿ. ಪೈಪಿನಿಂದ ತಿಳಿನೀರು ಬರುತ್ತಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. ಕೆಂಪು ನೀರು ಬಂದರೆ ಹಿಂದಿನ ಮಣ್ಣೇ ಕೊಚ್ಚಿ ಬರುತ್ತಿದೆ. ಎಷ್ಟು ಮಳೆ ಸುರಿದರೂ ಒಂದು ಹನಿ ಬಾರದಿದ್ದರೆ ನನಗಂತೂ ಭಯ ಇನ್ನೂ ಜಾಸ್ತಿ.

ಗೋಡೆಯೇ ಇಲ್ಲದ ಬರೆಯಲ್ಲೂ ನಡೆಯುವುದು ಇದೇ. ಮಣ್ಣಿನ ಕಣಗಳನ್ನು ಹಿಡಿದಿಟ್ಟಿರುವುದು ಅವುಗಳ ನಡುವಿನ ಘರ್ಷಣೆ ಮತ್ತು ಅಂಟು. ಸಂದುಗಳಲ್ಲಿ ನೀರು ತುಂಬಿ ಒತ್ತಡ ಏರಿದಾಗ ಆ ಹಿಡಿತ ಸಡಿಲುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡಿನ ಗುಡ್ಡಗಳು ಜಾರಿದಾಗ ಇದರ ಬೆಲೆ ಕಂಡೆವು. ಅಸಾಧಾರಣ ಮಳೆ ಬಂದಿದ್ದು ನಿಜ. ಅದರೊಟ್ಟಿಗೆ, ಇಳಿಜಾರುಗಳನ್ನು ಬೇಕಾಬಿಟ್ಟಿ ಕಡಿದದ್ದನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕಾರಣವಾಗಿ ಗುರುತಿಸಿತು.

ಬರೆಯ ನೆತ್ತಿಯಲ್ಲಿ ಅಡ್ಡಕ್ಕೆ ಹಾಯುವ ಬಿರುಕು, ವಾಲಿದ ಸಿಲ್ವರ್ ಓಕ್, ಹೊಸದಾಗಿ ಒಸರುವ ನೀರು ಕಂಡರೆ ಮನೆ ಬಿಟ್ಟು ಹೊರಟು ಪಂಚಾಯಿತಿಗೆ ತಿಳಿಸಬೇಕು. ಬಿರುಕಿಗೆ ಮಣ್ಣು ತುಂಬಿ ಸುಮ್ಮನಾಗಬಾರದು.

ತಪಾಸಣೆಯಲ್ಲಿ ಇನ್ನೊಂದು ದೊಡ್ಡ ಕೊರತೆ ನನಗೆ ಕಾಣುತ್ತದೆ. ಲೈಸೆನ್ಸ್ ಕೊಡುವುದು ಒಂದೊಂದು ಸೈಟಿಗೆ. ಗುಡ್ಡಕ್ಕೆ ಸರ್ವೆ ಕಲ್ಲಿನ ಗಡಿ ಗೊತ್ತಿಲ್ಲ. ಮೇಲಿನ ಹೋಂಸ್ಟೇಯ ತಾರಸಿ ನೀರು, ತೋಟದ ರಸ್ತೆಯ ಚರಂಡಿ ನೀರು ಎಲ್ಲವೂ ಕೆಳಗಿನವರ ಬರೆಯೊಳಗೇ ಇಂಗುತ್ತದೆ. ಅನುಮತಿ ಕೊಡುವ ಮುನ್ನ ಎಂಜಿನಿಯರ್ ಆ ಸೈಟಿನ ಬೇಲಿ ದಾಟಿ ಮೇಲಕ್ಕೂ ಹತ್ತಿ, ನೀರು ಎಲ್ಲಿಂದ ಬಂದು ಯಾವ ತೋಡಿಗೆ ಸೇರುತ್ತದೆಂದು ನೋಡಿ ಅದನ್ನು ಪ್ಲಾನಿನಲ್ಲೇ ಗುರುತಿಸಬೇಕು.